ಕೀಲಿಮಣೆ ಕೊಳ್ಳುವ ಮುನ್ನ

‘ಬೆಳ್ಳಗಿರುವುದೆಲ್ಲ ಹಾಲಲ್ಲ’ ಎಂಬ ಗಾದೆಯನ್ನು ನಮ್ಮ ಹಿರಿಯರು ಹಾಲಿನ ವ್ಯಾಪಾರ ಒಂದನ್ನೇ ಮನಸ್ಸಿನಲ್ಲಿಟ್ಟುಕೊಂಡು ಹೇಳಿರಲಾರರು. ಕೊಳ್ಳುವವನ ಕಣ್ಣು ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲದೆ, ಮಾರುವವನು ತೋರಿಸಿದ ಕಡೆಗೇ ಹೊರಳುತ್ತದೆ ಎಂಬ ಲೋಕಾನುಭವ ಅದರಲ್ಲಿ ಅಡಗಿದೆ. ಈ ಅನುಭವ ಇಂದಿನ ವಿದ್ಯಾರ್ಥಿಗಳಾದ ನಮಗೆ ಒಂದು ಹೊಸ ಪದಾರ್ಥದ ವಿಷಯದಲ್ಲಿ ಬಹಳ ಉಪಯೋಗಕ್ಕೆ ಬರುವಂತಿದೆ. ಆ ಪದಾರ್ಥವೇ ಕಂಪ್ಯೂಟರಿನ ಕೀಲಿಮಣೆ. ಅದರಲ್ಲಿಯೂ ‘ಗೇಮಿಂಗ್ ಕೀಬೋರ್ಡ್’ ಎಂಬ ಹೆಸರಿನಿಂದ ಬಣ್ಣಬಣ್ಣದ ದೀಪಗಳೊಡನೆ ಮಾರಾಟವಾಗುತ್ತಿರುವ ಮೆಕ್ಯಾನಿಕಲ್ ಕೀಲಿಮಣೆ.

ಅದನ್ನು ಕೊಳ್ಳಲೇಬಾರದು ಎಂದು ಉಪದೇಶಿಸುವುದು ಈ ಲೇಖನದ ಉದ್ದೇಶವಲ್ಲ. ಆಟವೆಂದರೆ ಮೂಗು ಮುರಿಯುವವರ ಪಂಗಡಕ್ಕೆ ಸೇರಿದವನು ನಾನಲ್ಲ. ಕಬಡ್ಡಿ ಆಡುವವನಿಗೆ ಒಳ್ಳೆಯ ಅಂಕಣ ಬೇಕಾದಂತೆ, ಕಂಪ್ಯೂಟರಿನಲ್ಲಿ ಆಡುವವನಿಗೂ ಒಳ್ಳೆಯ ಸಲಕರಣೆ ಬೇಕು. ಆದರೆ ನಮ್ಮಂಥ ಸರ್ಕಾರಿ ಕಲಾ ಕಾಲೇಜಿನಲ್ಲಿ ಓದುವ ಬಹುಮಂದಿಗೆ ಕೀಲಿಮಣೆ ಆಟದ ಸಾಮಾನು ಮಾತ್ರವಲ್ಲ; ನಾಳೆಯ ಅನ್ನದ ಸಾಧನವೂ ಆಗಬಹುದು. ನ್ಯಾಯಾಲಯಗಳ ಬೆರಳಚ್ಚುಗಾರರ ಹುದ್ದೆಗೆ ಕನ್ನಡ, ಇಂಗ್ಲಿಷ್ ಎರಡರ ಬೆರಳಚ್ಚು ಪರೀಕ್ಷೆಗಳಲ್ಲಿಯೂ ತೇರ್ಗಡೆಯಾಗಿರಬೇಕು. ಪಂಚಾಯಿತಿಯಿಂದ ಹಿಡಿದು ಪತ್ರಿಕಾ ಕಚೇರಿಯವರೆಗೆ ಕನ್ನಡದಲ್ಲಿ ತಪ್ಪಿಲ್ಲದೆ ಬೇಗ ಬೆರಳಚ್ಚು ಮಾಡಬಲ್ಲವನಿಗೆ ಒಂದು ಬೆಲೆ ಉಂಟು. ಐನೂರು ರೂಪಾಯಿಯ ಆಸುಪಾಸಿನಲ್ಲಿ ಸಾಧಾರಣ ಕೀಲಿಮಣೆ ಸಿಕ್ಕುವಾಗ, ಅದರ ನಾಲ್ಕು, ಎಂಟು, ಕೆಲವೊಮ್ಮೆ ಇಪ್ಪತ್ತು ಪಟ್ಟು ಹಣ ಕೊಟ್ಟು ಇನ್ನೊಂದನ್ನು ತರಬೇಕಾದರೆ, ಆ ಹೆಚ್ಚಿನ ಹಣ ಬೆರಳಿಗೆ ಹೋಯಿತೇ, ದೀಪಕ್ಕೆ ಹೋಯಿತೇ ಎಂದು ಕೇಳಿಕೊಳ್ಳುವುದು ಕಬ್ಬಿನ ಬಿಲ್ಲಿಗಾಗಿ ಕಾಯುವ ಮನೆಯ ಮಕ್ಕಳಾದ ನಮ್ಮ ಕರ್ತವ್ಯ.

ನಮ್ಮ ತಾಲ್ಲೂಕಿನ ಹೇಮಗಿರಿಯ ದನಗಳ ಜಾತ್ರೆಯನ್ನು ನೋಡದವರು ವಿರಳ. ಅಲ್ಲಿ ಎತ್ತು ಕೊಳ್ಳಲು ಬಂದ ರೈತ ಏನು ಮಾಡುತ್ತಾನೆ? ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ಗೊರಸು ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಕೊಂಬಿಗೆ ಹಚ್ಚಿದ ಬಣ್ಣವನ್ನೂ ಕೊರಳ ಗೆಜ್ಜೆಯನ್ನೂ ಕಂಡು ಸಂತೋಷಪಡುತ್ತಾನೆ, ಆದರೆ ಅದಕ್ಕಾಗಿ ಒಂದು ರೂಪಾಯಿಯನ್ನೂ ಹೆಚ್ಚಿಗೆ ಕೊಡುವುದಿಲ್ಲ. ಉಳುವುದು ಹೆಗಲೇ ಹೊರತು ಕೊಂಬಿನ ಬಣ್ಣವಲ್ಲವೆಂಬುದು ಅವನಿಗೆ ಗೊತ್ತು. ಅಕ್ಷರ ಬಲ್ಲ ನಾವು ಅಕ್ಷರ ಬರೆಯುವ ಯಂತ್ರವನ್ನು ಕೊಳ್ಳುವಾಗ ಆ ರೈತನಿಗಿಂತ ಕಡಿಮೆ ವಿವೇಕ ತೋರಿಸಿದರೆ ನಗೆಪಾಟಲಾಗದೆ ಇದ್ದೀತೆ?

ಹಲ್ಲು ನೋಡುವುದೆಂದರೆ ಇಲ್ಲಿ ಒಳಗಿನ ಸ್ವಿಚ್ಚನ್ನು ನೋಡುವುದು. ಸಾಧಾರಣ ಕೀಲಿಮಣೆಯಲ್ಲಿ ಎಲ್ಲ ಕೀಲಿಗಳ ಕೆಳಗೂ ಒಂದೇ ರಬ್ಬರಿನ ಹಾಳೆ, ಅದರ ಕೆಳಗೆ ವಿದ್ಯುತ್ತಿನ ಗೆರೆಗಳುಳ್ಳ ತೆಳುವಾದ ಪದರಗಳು. ರಬ್ಬರಿನ ಗುಬುಟು ಪೂರ್ತಿ ಕುಸಿದು ತಳ ಮುಟ್ಟಿದರೆ ಮಾತ್ರ ಅಕ್ಷರ ಮೂಡುತ್ತದೆ. ಮೆಕ್ಯಾನಿಕಲ್ ಕೀಲಿಮಣೆಯಲ್ಲಾದರೋ ಪ್ರತಿಯೊಂದು ಕೀಲಿಗೂ ಅದರದೇ ಆದ ಸ್ವಿಚ್ಚು, ಅದರೊಳಗೊಂದು ಲೋಹದ ಸ್ಪ್ರಿಂಗು. ಕೀಲಿ ಒಟ್ಟು 4 ಮಿಲಿಮೀಟರು ಇಳಿಯುತ್ತದೆ. ಆದರೆ ಸುಮಾರು 2 ಮಿಲಿಮೀಟರು ಇಳಿಯುವಷ್ಟರಲ್ಲೇ ಅಕ್ಷರ ಮೂಡಿರುತ್ತದೆ. ಅರ್ಥಾತ್ ತಳಕ್ಕೆ ಗುದ್ದುವ ಅಗತ್ಯವಿಲ್ಲ. ದಿನಕ್ಕೆ ಹತ್ತಾರು ಪುಟ ಬೆರಳಚ್ಚು ಮಾಡುವವನ ಗೆಣ್ಣುಗಳಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೆ ಇಲ್ಲ. ದೀಪ, ವೇಗ, ಬಾಳಿಕೆ ಇವೆಲ್ಲಕ್ಕೂ ಮಿಗಿಲಾದ ಗುಣ ಇದೇ ಎಂಬುದು ನನ್ನ ಅಭಿಮತ. ಆದರೆ ಜಾಹೀರಾತುಗಳಲ್ಲಿ ಇದಕ್ಕೆ ಸಿಕ್ಕುವ ಸ್ಥಾನ ಅತ್ಯಲ್ಪ.

ಈ ಸ್ವಿಚ್ಚುಗಳ ಪೈಕಿ ಪ್ರಸಿದ್ಧವಾದುದು ಜರ್ಮನಿಯ ಚೆರ್ರಿ ಸಂಸ್ಥೆಯು 1980ರ ದಶಕದಲ್ಲಿ ಹೊರತಂದ ‘ಎಂ.ಎಕ್ಸ್.’ ಎಂಬ ಮಾದರಿ. ಅದರ ಪೇಟೆಂಟಿನ ಅವಧಿ ಮುಗಿದ ಮೇಲೆ ಗೇಟರಾನ್, ಕೈಲ್, ಔಟೆಮು ಮೊದಲಾದ ಚೀನಾ ದೇಶದ ತಯಾರಕರು ಅದೇ ಅಚ್ಚಿನ ಸ್ವಿಚ್ಚುಗಳನ್ನು ಮಾಡತೊಡಗಿದರು, ಬೆಲೆ ಇಳಿಯಿತು. ಇವುಗಳ ಗುಣವನ್ನು ಬಣ್ಣದಿಂದ ಗುರುತಿಸುವುದು ವಾಡಿಕೆ. ಕೆಂಪು ಸ್ವಿಚ್ಚು ಮೇಲಿನಿಂದ ಕೆಳಗಿನವರೆಗೆ ಒಂದೇ ಸಮನೆ ಇಳಿಯುತ್ತದೆ. ನಡುವೆ ಯಾವ ತಡೆಯೂ ಇಲ್ಲ, ಸದ್ದೂ ಕಡಿಮೆ. ಅದನ್ನು ಒತ್ತಲು ಸುಮಾರು 45 ಗ್ರಾಂ ತೂಕದಷ್ಟು ಬಲ ಸಾಕು; ಒಂದು ಕೋಳಿಮೊಟ್ಟೆಯ ತೂಕಕ್ಕಿಂತ ತುಸು ಕಡಿಮೆ ಎನ್ನಬಹುದು. ಕಂದು ಸ್ವಿಚ್ಚಿನಲ್ಲಿ ಅಕ್ಷರ ಮೂಡುವ ಹಂತದಲ್ಲಿ ಬೆರಳಿಗೆ ಒಂದು ಸಣ್ಣ ಉಬ್ಬು ತಾಗುತ್ತದೆ. ನೀಲಿಯಲ್ಲಿ ಆ ಉಬ್ಬಿನ ಜೊತೆಗೆ ‘ಟಿಕ್’ ಎಂಬ ಸ್ಪಷ್ಟವಾದ ಸದ್ದೂ ಇರುತ್ತದೆ. ಒತ್ತುವ ಬಲವೂ 60 ಗ್ರಾಂವರೆಗೆ ಏರುತ್ತದೆ. ಆಟದವರು ಕೆಂಪನ್ನು ಮೆಚ್ಚುತ್ತಾರೆ, ಏಕೆಂದರೆ ಅವರ ಬೆರಳು ಒಂದೇ ಕೀಲಿಯ ಮೇಲೆ ಪದೇ ಪದೇ ಕುಣಿಯುತ್ತದೆ. ಬೆರಳಚ್ಚಿನವರು ಕಂದನ್ನೋ ನೀಲಿಯನ್ನೋ ಮೆಚ್ಚುವುದು ಹೆಚ್ಚು, ಏಕೆಂದರೆ ಕಾಗದ ನೋಡುತ್ತ ಬೆರಳಾಡಿಸುವವನಿಗೆ ‘ಅಕ್ಷರ ಬಿತ್ತು’ ಎಂದು ಬೆರಳೇ ಹೇಳಬೇಕು. ಕಣ್ಣು ಪರದೆಯ ಕಡೆ ಓಡಬಾರದು.

ಇನ್ನು ಜಾಹೀರಾತಿನ ಅಂಕಿಗಳನ್ನು ಪರೀಕ್ಷಿಸೋಣ. ‘ಐದು ಕೋಟಿ ಸಾರಿ ಒತ್ತಿದರೂ ಸವೆಯದು’ ಎಂಬುದು ಒಂದು ಘೋಷಣೆ. ನಿಜವೇ ಇರಬಹುದು. ಆದರೆ ಲೆಕ್ಕ ಹಾಕಿರಿ. ಒಬ್ಬನು ಒಂದೇ ಕೀಲಿಯನ್ನು ದಿನಕ್ಕೆ 2000 ಸಾರಿ, ವರ್ಷದ 365 ದಿನವೂ ಒತ್ತಿದನೆನ್ನೋಣ. ಐದು ಕೋಟಿ ಮುಗಿಯಲು 25,000 ದಿನಗಳು, ಎಂದರೆ 68 ವರ್ಷಗಳು ಬೇಕು! ಐವತ್ತು ಲಕ್ಷ ಸಾರಿ ಬಾಳುವ ರಬ್ಬರಿನ ಕೀಲಿಮಣೆಯೂ ಅದೇ ಲೆಕ್ಕದಲ್ಲಿ ಏಳು ವರ್ಷಕ್ಕೆ ಸಮೀಪ ನಡೆಯುತ್ತದೆ. ಮೊಮ್ಮಗನಿಗೆ ಉಯಿಲು ಬರೆದಿಡುವ ಆಸೆ ಇಲ್ಲದವನು ಈ ಅಂಕಿಯನ್ನು ಕಂಡು ಮರುಳಾಗಬೇಕಾಗಿಲ್ಲ. ಮತ್ತೊಂದು ಘೋಷಣೆ, ‘ಸೆಕೆಂಡಿಗೆ ಸಾವಿರ ಸಾರಿ ಕಂಪ್ಯೂಟರಿಗೆ ವರದಿ ಮಾಡುತ್ತದೆ’ ಎಂಬುದು. ನಿಮಿಷಕ್ಕೆ 40 ಇಂಗ್ಲಿಷ್ ಪದಗಳ ವೇಗವುಳ್ಳ ಬೆರಳಚ್ಚುಗಾರ, ಪದಕ್ಕೆ ಐದು ಒತ್ತಿನಂತೆ, ನಿಮಿಷಕ್ಕೆ 200 ಸಾರಿ ಒತ್ತುತ್ತಾನೆ. ಒಂದು ಒತ್ತಿಗೂ ಇನ್ನೊಂದಕ್ಕೂ ಸೆಕೆಂಡಿನ ಹತ್ತರಲ್ಲಿ ಮೂರು ಭಾಗ ಬಿಡುವಿರುತ್ತದೆ. ಅವನಿಗೆ ಸಾವಿರದಲ್ಲೊಂದು ಸೆಕೆಂಡಿನ ಸೂಕ್ಷ್ಮತೆ ಯಾತಕ್ಕೆ? ಪಂದ್ಯದಲ್ಲಿ ಆಡುವವನಿಗೆ ಅದು ಬೇಕಾಗಬಹುದು. ಪ್ರಬಂಧ ಬರೆಯುವವನಿಗಂತೂ ಬೇಡ.

ಇಷ್ಟು ಮಾತು ಯಾವ ದೇಶದ ಕೊಳ್ಳುವವನಿಗೂ ಅನ್ವಯಿಸುತ್ತದೆ. ಕನ್ನಡಿಗನು ಕೇಳಿಕೊಳ್ಳಬೇಕಾದ, ಆದರೆ ಯಾವ ಅಂಗಡಿಯವನೂ ಹೇಳದ ಪ್ರಶ್ನೆಗಳು ಬೇರೆಯೇ ಇವೆ.

ಇಂದು ನಾವು ಬಳಸುವ ‘ಕ್ವರ್ಟಿ’ ಜೋಡಣೆ ಅಮೆರಿಕದ ಷೋಲ್ಸ್ ಎಂಬವರ ಬೆರಳಚ್ಚು ಯಂತ್ರದೊಡನೆ 1870ರ ದಶಕದಲ್ಲಿ ಮಾರುಕಟ್ಟೆಗೆ ಬಂದದ್ದು. ಇಪ್ಪತ್ತಾರು ಅಕ್ಷರಗಳ ಭಾಷೆಗೆ ಅದು ಸುಲಭ. ಕಾಗುಣಿತ, ಒತ್ತಕ್ಷರಗಳಿಂದ ತುಂಬಿದ ನಮ್ಮ ಲಿಪಿಯನ್ನು ಅಷ್ಟೇ ಕೀಲಿಗಳಲ್ಲಿ ಕೂರಿಸುವುದು ಸಾಹಸವೇ ಸರಿ. ಕನ್ನಡಕ್ಕೆ ಬೆರಳಚ್ಚು ಯಂತ್ರದ ಜೋಡಣೆಯನ್ನು ಹೊಂದಿಸಿಕೊಟ್ಟ ಅನಂತ ಸುಬ್ಬರಾವ್ ಅವರನ್ನು ನಾವು ಕೃತಜ್ಞತೆಯಿಂದ ನೆನೆಯಬೇಕು. ಆ ಯಂತ್ರದಲ್ಲಿ ಅಕ್ಷರದ ತುಂಡುಗಳನ್ನು ಒಂದೊಂದಾಗಿ ಜೋಡಿಸಿ ರೂಪ ಕಟ್ಟಬೇಕಾಗಿತ್ತು. ಕಂಪ್ಯೂಟರು ಬಂದ ಮೇಲೆ, ದಕ್ಷಿಣ ಕನ್ನಡದ ಕಿನ್ನಿಕಂಬಳದವರಾದ ಕೆ. ಪಿ. ರಾವ್ ಅವರು ವಿಷಯವನ್ನೇ ತಿರುಗಿಸಿ ನೋಡಿದರು: ಕೀಲಿ ಧ್ವನಿಯನ್ನು ಹೇಳಲಿ, ರೂಪ ಕಟ್ಟುವ ಕೆಲಸ ಯಂತ್ರಕ್ಕಿರಲಿ ಎಂಬುದು ಅವರ ವಿಧಾನದ ತಿರುಳು. ಅದನ್ನೇ ಅಲ್ಪಸ್ವಲ್ಪ ಬದಲಾವಣೆಯೊಡನೆ ಕರ್ನಾಟಕ ಸರ್ಕಾರ ಅಂಗೀಕರಿಸಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದ ಮೂಲಕ ಅದು ಕಚೇರಿ ಕಚೇರಿಗೂ ಹರಡಿತು. ಕೇಂದ್ರ ಸರ್ಕಾರದ ಕಡೆಯಿಂದ ಬಂದ ‘ಇನ್‌ಸ್ಕ್ರಿಪ್ಟ್’ ಎಂಬ ಮತ್ತೊಂದು ಜೋಡಣೆಯೂ ಉಂಟು. ಅದರಲ್ಲಿ ಸ್ವರಗಳು ಎಡಗೈಗೂ ವ್ಯಂಜನಗಳು ಹೆಚ್ಚಾಗಿ ಬಲಗೈಗೂ ಬರುತ್ತವೆ.

ನಮ್ಮ ಊರಿನ ಹೆಸರನ್ನೇ ನುಡಿ ಜೋಡಣೆಯಲ್ಲಿ ಬರೆದು ನೋಡೋಣ. ‘ಅಕ್ಕಿಹೆಬ್ಬಾಳು’ ಎಂಬುದಕ್ಕೆ ಹದಿಮೂರು ಒತ್ತುಗಳು ಬೇಕು. ಅವುಗಳಲ್ಲಿ ಎರಡು ಸಾರಿ ಒತ್ತಕ್ಷರಕ್ಕಾಗಿ ‘ಎಫ್’ ಕೀಲಿ. ಎರಡು ಸಾರಿ, ಎಂದರೆ ಬಕಾರದ ದೀರ್ಘಕ್ಕೂ ಳಕಾರಕ್ಕೂ, ‘ಷಿಫ್ಟ್’ ಕೀಲಿಯನ್ನು ಹಿಡಿದುಕೊಳ್ಳಬೇಕು. ಇಂಗ್ಲಿಷಿನಲ್ಲಿ ಷಿಫ್ಟ್ ಬೇಕಾಗುವುದು ವಾಕ್ಯದ ಆರಂಭಕ್ಕೆ, ಹೆಸರುಗಳಿಗೆ, ಕೆಲವು ಚಿಹ್ನೆಗಳಿಗೆ. ಕನ್ನಡದಲ್ಲಿ ಆಕಾರ, ಈಕಾರ, ಊಕಾರ, ಏಕಾರ, ಓಕಾರಗಳಿಗೂ, ಣ, ಳ, ಶಗಳಿಗೂ, ಮಹಾಪ್ರಾಣಗಳಿಗೂ, ಸೊನ್ನೆಗೂ ಅದು ಬೇಕು. ನಮ್ಮ ಭಾಷೆಯ ಭಾರವನ್ನೆಲ್ಲ ಹೊರುವುದು ಕಿರುಬೆರಳು ಎಂದರೆ ಅತಿಶಯೋಕ್ತಿಯಾಗಲಾರದು. ಆದುದರಿಂದ ಅಂಗಡಿಯಲ್ಲಿ ನಾವು ಮೊದಲು ಒತ್ತಿ ನೋಡಬೇಕಾದದ್ದು ಎಲ್ಲರೂ ಒತ್ತುವ ನಡುಸಾಲನ್ನಲ್ಲ, ಎರಡು ತುದಿಯ ಷಿಫ್ಟ್ ಕೀಲಿಗಳನ್ನು. ಅಗಲವಾದ ಆ ಕೀಲಿಗಳ ಕೆಳಗೆ ಸಮತೋಲಕ್ಕೆಂದು ಕಂಬಿ ಹಾಕಿರುತ್ತಾರೆ. ಅಗ್ಗದ ಮಣೆಗಳಲ್ಲಿ ಆ ಕಂಬಿ ಸಡಿಲವಾಗಿ ಗಡಗಡಿಸುತ್ತದೆ; ಅಂಚಿನಲ್ಲಿ ಒತ್ತಿದರೆ ಕೀಲಿ ತಡೆದು ತಡೆದು ಇಳಿಯುತ್ತದೆ. ಅಂಥದನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಬಿಡುವುದು ಲೇಸು. ಹಾಗೆಯೇ ಎಡಗಡೆಯ ಷಿಫ್ಟನ್ನು ಚಿಕ್ಕದು ಮಾಡಿ ಪಕ್ಕದಲ್ಲಿ ಇನ್ನೊಂದು ಕೀಲಿ ತುರುಕಿದ ಮಾದರಿಗಳೂ ಇವೆ, ಅವು ನಮಗಲ್ಲ.

ಇನ್ನೊಂದು ಸ್ವಾರಸ್ಯವನ್ನು ಗಮನಿಸಿರಿ. ನೀಲಿ ಸ್ವಿಚ್ಚಿನ ಮೇಲೆ ಆಟದವರು ಹೊರಿಸುವ ಆಕ್ಷೇಪಣೆಯೆಂದರೆ, ಒಂದೇ ಕೀಲಿಯನ್ನು ಬೇಗ ಬೇಗ ಎರಡು ಸಾರಿ ಒತ್ತಲು ಅದು ಒಗ್ಗದು ಎಂಬುದು. ಅಕ್ಷರ ಮೂಡಿದ ಮೇಲೆ ಕೀಲಿ ಸ್ವಲ್ಪ ಹೆಚ್ಚು ದೂರ ಮೇಲೆ ಬಂದ ಹೊರತು ಮತ್ತೆ ಮೂಡುವುದಿಲ್ಲ. ಆಟಕ್ಕೆ ಇದು ದೋಷ ನಿಜ. ಆದರೆ ನುಡಿ ಜೋಡಣೆಯಲ್ಲಿ ‘ಕ್ಕ’ ಬರೆಯಬೇಕಾದರೆ ಕ, ಒತ್ತು, ಕ ಎಂದು ಮೂರು ಕೀಲಿ ಒತ್ತುತ್ತೇವೆ. ಎರಡು ಕಕಾರಗಳ ನಡುವೆ ಇನ್ನೊಂದು ಕೀಲಿ ಬಂದೇ ಬರುತ್ತದೆ. ಅಕ್ಕ, ಅಪ್ಪ, ಅಮ್ಮ, ಅಜ್ಜ ಎಲ್ಲರಿಗೂ ಇದೇ ನಿಯಮ. ಒಂದೇ ಕೀಲಿಯನ್ನು ಬೆನ್ನುಬೆನ್ನಿಗೆ ಒತ್ತುವ ಪ್ರಸಂಗ ಕನ್ನಡದಲ್ಲಿ ಅಪರೂಪ. ಹೀಗೆ ಆಟದವನಿಗೆ ದೋಷವಾದದ್ದು ಕನ್ನಡ ಬರೆಯುವವನಿಗೆ ದೋಷವೇ ಅಲ್ಲ. ಪರರ ಅವಶ್ಯಕತೆಗಾಗಿ ಬರೆದ ವಿಮರ್ಶೆಯನ್ನು ಓದಿ ನಮ್ಮ ತೀರ್ಮಾನ ಮಾಡಿಕೊಳ್ಳಬಾರದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ಕೀಲಿಮಣೆಯ ಗಾತ್ರವೂ ವಿಚಾರಾರ್ಹವಾದುದು. ಮೇಜಿನ ಮೇಲೆ ಚೊಕ್ಕವಾಗಿ ಕಾಣುವುದೆಂದು ಮೇಲಿನ ‘ಎಫ್-1’ ಮೊದಲಾದ ಸಾಲನ್ನೂ ಬಲಗಡೆಯ ಅಂಕಿಗಳ ಗುಂಪನ್ನೂ ಕತ್ತರಿಸಿದ ಪುಟ್ಟ ಮಣೆಗಳು ಈಗ ಬಹಳ ಬಳಕೆಯಲ್ಲಿವೆ. ಆದರೆ ಬರಹ ತಂತ್ರಾಂಶದಲ್ಲಿ ಕನ್ನಡಕ್ಕೂ ಇಂಗ್ಲಿಷಿಗೂ ಬದಲಾಯಿಸಲು ‘ಎಫ್-11’ ಕೀಲಿಯನ್ನೂ, ನುಡಿಯ ಹಳೆಯ ಆವೃತ್ತಿಗಳಲ್ಲಿ ‘ಸ್ಕ್ರಾಲ್ ಲಾಕ್’ ಕೀಲಿಯನ್ನೂ ಬಳಸುವುದು ರೂಢಿ. ಪುಟ್ಟ ಮಣೆಯಲ್ಲಿ ಇವು ಇರುವುದಿಲ್ಲ, ಇಲ್ಲವೆ ಎರಡು ಕೀಲಿ ಕೂಡಿಸಿ ಒತ್ತಿದರೆ ಸಿಕ್ಕುತ್ತವೆ. ಬೇರೆ ಕಡೆಯವರಿಗೆ ಇದು ಸಣ್ಣ ವಿಷಯ. ಒಂದೇ ಪುಟದಲ್ಲಿ ಹತ್ತು ಸಾರಿ ಭಾಷೆ ಬದಲಾಯಿಸುವ ನಮಗೆ ದೊಡ್ಡ ತಲೆನೋವು. ಇನ್ನು ಅಂಕಿಗಳ ಗುಂಪು. ಅಂಕಪಟ್ಟಿ, ಸಂಘದ ಲೆಕ್ಕ, ಸರ್ವೆ ನಂಬರು, ಎಕರೆ-ಗುಂಟೆಗಳನ್ನು ತುಂಬುವ ಕೆಲಸಕ್ಕೆ ಹೋಗಲಿರುವವನು ಅಂಕಿಗಳ ಗುಂಪಿನ ಮೇಲೆ ಕೈ ಕೂರಿಸಿಕೊಂಡಿರಲೇಬೇಕು. ಪಹಣಿಯಲ್ಲಿ ಒಂದು ಅಂಕಿ ತಪ್ಪಿ ಬಿದ್ದರೆ ಒಬ್ಬ ರೈತ ಎಷ್ಟು ದಿನ ಅಲೆಯಬೇಕಾದೀತೆಂಬುದನ್ನು ಹಳ್ಳಿಯವರಾದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಪೂರ್ತಿ ಗಾತ್ರದ, ಯಾವ ದೀಪವೂ ಇಲ್ಲದ, ಕಚೇರಿಯ ಕೆಲಸಕ್ಕೆಂದೇ ಮಾಡಿದ ಮೆಕ್ಯಾನಿಕಲ್ ಕೀಲಿಮಣೆ ನಮ್ಮ ದೇಶದಲ್ಲೇ ಬಹುಕಾಲದಿಂದ ದೊರೆಯುತ್ತಿದೆ ಎಂಬ ಸಂಗತಿ ಅನೇಕ ಮಿತ್ರರಿಗೆ ತಿಳಿಯದು. ಟಿ.ವಿ.ಎಸ್. ಸಂಸ್ಥೆಯ ‘ಗೋಲ್ಡ್’ ಎಂಬ ಮಣೆ ಅದು. ಬಹುಕಾಲ ಅದರಲ್ಲಿ ಚೆರ್ರಿಯ ನೀಲಿ ಸ್ವಿಚ್ಚುಗಳೇ ಇದ್ದವು. ಕಚೇರಿಗಳ ಲೆಕ್ಕದ ಮೇಜುಗಳಿಂದ ಕೇಳಿಬರುವ ‘ಟಕಟಕ’ ಸದ್ದು ಎಷ್ಟೋ ವೇಳೆ ಇದರದೇ. ಗೇಮಿಂಗ್ ಎಂಬ ಹೆಸರು ಹೊತ್ತ ಮಣೆಗಳ ಗದ್ದಲದಲ್ಲಿ ಇಂಥ ಸಾಧುವಾದ ಸರಕು ಮೂಲೆಗೆ ಬೀಳುತ್ತಿರುವುದು ವಿಷಾದಕರ.

ಆದರೆ ಒಂದು ಎಚ್ಚರಿಕೆ. ನೀಲಿ ಸ್ವಿಚ್ಚಿನ ಸದ್ದು ಒತ್ತುವವನಿಗೆ ಸಂಗೀತ, ಪಕ್ಕದವನಿಗೆ ಹಿಂಸೆ. ನಾಲ್ವರು ಮಲಗುವ ಹಾಸ್ಟೆಲಿನ ಕೊಠಡಿಯಲ್ಲಿ, ಪರೀಕ್ಷೆಯ ಕಾಲದ ರಾತ್ರಿ ಹನ್ನೊಂದು ಗಂಟೆಗೆ ಅದನ್ನು ಕುಟ್ಟುವವನು ಮಿತ್ರರನ್ನು ಉಳಿಸಿಕೊಳ್ಳಲಾರ. ಅಂಥವನಿಗೆ ಕಂದು ಸ್ವಿಚ್ಚೇ ಯೋಗ್ಯ. ಮನೆಯಲ್ಲಿ ಪ್ರತ್ಯೇಕವಾಗಿ ಕೂತು ಅಭ್ಯಾಸ ಮಾಡುವವನು ನೀಲಿಯನ್ನು ನಿರಾತಂಕವಾಗಿ ಆರಿಸಿಕೊಳ್ಳಲಿ.

ನಮ್ಮ ಸೀಮೆಯ ಹವೆಯನ್ನೂ ಮರೆಯುವಂತಿಲ್ಲ. ಬೇಸಗೆಯ ರಸ್ತೆಯ ಧೂಳು, ಆಲೆಮನೆಯ ಹೊಗೆಮಸಿ, ಹೊಳೆಯ ಬದಿಯ ತೇವ, ಇವು ಯಾವ ಕೀಲಿಮಣೆಯನ್ನೂ ಬಿಡುವುದಿಲ್ಲ. ಇಲ್ಲಿ ಮೆಕ್ಯಾನಿಕಲ್ ಮಣೆಗೆ ಒಂದು ನಿಜವಾದ ಹೆಚ್ಚುಗಾರಿಕೆ ಇದೆ. ಅದರ ಕೀಲಿಯ ಟೋಪಿಗಳನ್ನು ಒಂದೊಂದಾಗಿ ಕಿತ್ತು ತೊಳೆಯಬಹುದು. ‘ಹಾಟ್‌ಸ್ವಾಪ್’ ಎಂಬ ಗುಣವಿದ್ದರೆ ಕೆಟ್ಟ ಸ್ವಿಚ್ಚೊಂದನ್ನೇ ಬೆಸುಗೆಯ ಕೆಲಸವಿಲ್ಲದೆ ಕಿತ್ತು ಹೊಸದನ್ನು ಕೂರಿಸಬಹುದು. ರಬ್ಬರಿನ ಮಣೆಯಲ್ಲಿ ಒಂದು ಅಕ್ಷರ ಕೆಟ್ಟರೆ ಮಣೆಯೇ ತಿಪ್ಪೆಗೆ. ಗುಳ ಸವೆದರೆ ಗುಳವನ್ನು ಬದಲಾಯಿಸುತ್ತೇವೆಯೇ ಹೊರತು ನೇಗಿಲನ್ನೇ ಎಸೆಯುವುದಿಲ್ಲ. ಇದು ನಮ್ಮ ಜನದ ಬುದ್ಧಿ. ಹೆಚ್ಚು ಹಣ ಕೊಡುವುದೇ ಆದರೆ ದೀಪಕ್ಕೆ ಕೊಡದೆ ಈ ಗುಣಕ್ಕೆ ಕೊಡೋಣ. ಟೋಪಿಗಳ ಪ್ಲಾಸ್ಟಿಕ್ಕಿನಲ್ಲೂ ಭೇದವಿದೆ: ‘ಎ.ಬಿ.ಎಸ್.’ ಎಂಬುದು ಬೆರಳಿನ ಜಿಡ್ಡಿಗೆ ಬೇಗ ನುಣುಪಾಗಿ ಹೊಳೆಯುತ್ತದೆ, ‘ಪಿ.ಬಿ.ಟಿ.’ ಎಂಬುದು ತನ್ನ ಒರಟುತನವನ್ನು ಬಹುಕಾಲ ಉಳಿಸಿಕೊಳ್ಳುತ್ತದೆ. ಮೇಲೆ ಅಚ್ಚೊತ್ತಿದ ಅಕ್ಷರ ಅಳಿಸಿಹೋಗುವುದುಂಟು. ಎರಡು ಪ್ಲಾಸ್ಟಿಕ್ಕನ್ನು ಒಂದರೊಳಗೊಂದು ಎರಕ ಹೊಯ್ದು ಮಾಡಿದ ಅಕ್ಷರ ಅಳಿಯದು.

ಇಲ್ಲಿ ಕೆಲವರು ಆಕ್ಷೇಪಿಸಬಹುದು: ‘ಈಗ ಫೋನಿಗೆ ಬಾಯಲ್ಲಿ ಹೇಳಿದರೆ ಅದೇ ಬರೆದುಕೊಡುತ್ತದೆ, ಈ ಕೀಲಿ ಕುಟ್ಟುವ ಕಷ್ಟವಾದರೂ ಯಾಕೆ?’ ಒಂದು ಸಣ್ಣ ಪತ್ರಕ್ಕೆ ಅದು ಸಾಕು, ಸಂದೇಹವಿಲ್ಲ. ಆದರೆ ಯಂತ್ರ ಬರೆದುದನ್ನು ತಿದ್ದುವವನಿಗೂ ಕೀಲಿ ಬೇಕು. ನಮ್ಮ ಮಂಡ್ಯದ ಮಾತಿನ ಧಾಟಿ ಅದಕ್ಕೆ ಎಷ್ಟೋ ವೇಳೆ ಹಿಡಿಸದು. ಬೆರಳಚ್ಚಿನ ಪರೀಕ್ಷೆಯಲ್ಲಿ ಬಾಯಿ ತೆರೆಯಲು ಅವಕಾಶವೂ ಇಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಯೋಚನೆ ಮಾಡುತ್ತ ಬರೆದು, ಬರೆದುದನ್ನು ಅಳಿಸಿ, ಮತ್ತೆ ಬರೆಯುವ ಅಭ್ಯಾಸಕ್ಕೆ ಕೈಯೇ ಸಾಧನ. ಇನ್ನೊಂದು ಆಕ್ಷೇಪಣೆ, ‘ಬಡವರ ಮಕ್ಕಳಿಗೆ ಇದೆಲ್ಲ ಬೇಕೆ?’ ಎಂಬುದು. ನನ್ನ ಉತ್ತರ ನೇರವಾದದ್ದು: ಕಲಿಯುವ ಮೊದಲ ಆರು ತಿಂಗಳು ಬೇಡ. ಐನೂರು ರೂಪಾಯಿಯ ಮಣೆಯಲ್ಲಿಯೇ ಹತ್ತೂ ಬೆರಳುಗಳನ್ನು ಪಳಗಿಸಿಕೊಳ್ಳಲಿ. ಎರಡು ಬೆರಳಲ್ಲಿ ಹೆಕ್ಕಿ ಹೆಕ್ಕಿ ಒತ್ತುವವನಿಗೆ ಹತ್ತು ಸಾವಿರದ ಮಣೆ ಕೊಟ್ಟರೂ ಅವನು ಹೆಕ್ಕುವುದನ್ನು ಬಿಡುವುದಿಲ್ಲ. ಕೈ ಪಳಗಿ, ದಿನಕ್ಕೆ ಎರಡು ಮೂರು ಗಂಟೆ ಕೂಡುವ ನಿಯಮ ಬಂದ ಮೇಲೆ, ದೀಪವಿಲ್ಲದ, ಪೂರ್ತಿ ಗಾತ್ರದ, ಕಂದು ಇಲ್ಲವೆ ನೀಲಿ ಸ್ವಿಚ್ಚಿನ, ತಂತಿಯುಳ್ಳ ಒಂದು ಮಣೆಯನ್ನು ಕೊಂಡರೆ ಅದು ದುಂದುವೆಚ್ಚವಲ್ಲ. ಆಟವನ್ನೂ ಆಡುವವನು ಕೆಂಪು ಸ್ವಿಚ್ಚಿನದನ್ನು ಕೊಳ್ಳಲಿ. ಅದರಲ್ಲಿಯೂ ಕನ್ನಡ ಬರೆಯಬಹುದು, ತಪ್ಪು ಒತ್ತುಗಳು ಮೊದಮೊದಲು ಸ್ವಲ್ಪ ಹೆಚ್ಚಾಗುತ್ತವೆ ಅಷ್ಟೇ.

ಕೊಳ್ಳುವ ಬಗೆ ಹೇಗೆ? ಜಾತ್ರೆಯಲ್ಲಿ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಮಾತನಾಡುವ ದಲ್ಲಾಳಿಗೂ, ಪರದೆಯ ಮೇಲೆ ‘ಅರ್ಧ ಬೆಲೆ’ ಎಂದು ಮಿನುಗುವ ರಿಯಾಯಿತಿಗೂ ನನಗೆ ಹೆಚ್ಚಿನ ವ್ಯತ್ಯಾಸ ಕಾಣುವುದಿಲ್ಲ. ಎರಡರಲ್ಲೂ ನಿಜವಾದ ಬೆಲೆ ಮರೆಯಲ್ಲಿಯೇ ಇರುತ್ತದೆ. ಚಿತ್ರ ನೋಡಿ ತರಿಸುವುದಕ್ಕಿಂತ, ಅಕ್ಕಿಹೆಬ್ಬಾಳಿನಲ್ಲಿ ರೈಲು ಹತ್ತಿ ಮೈಸೂರಿಗೆ ಹೋಗಿ, ಅಥವಾ ಬೆಂಗಳೂರಿಗೆ ಹೋದಾಗ ಎಸ್. ಪಿ. ರಸ್ತೆಯ ಅಂಗಡಿಗಳಲ್ಲಿ ಕೈಯಿಟ್ಟು ನೋಡಿ ಕೊಳ್ಳುವುದು ಮೇಲು. ಅಲ್ಲಿ ಇಂಗ್ಲಿಷಿನ ನಾಲ್ಕು ಅಕ್ಷರ ಒತ್ತಿ ಎದ್ದು ಬರಬೇಡಿ. ನಿಮ್ಮ ಊರಿನ ಹೆಸರು, ನಿಮ್ಮ ತಂದೆತಾಯಿಯರ ಹೆಸರು, ಒಂದು ಉದ್ದದ ಕನ್ನಡ ವಾಕ್ಯ, ಇಷ್ಟನ್ನು ಒತ್ತಿ ನೋಡಿ. ಅಕ್ಷರ ಪರದೆಯ ಮೇಲೆ ಮೂಡದಿದ್ದರೂ ಚಿಂತೆಯಿಲ್ಲ, ಬೆರಳಿಗೆ ತಿಳಿಯುತ್ತದೆ.

ಆದರೆ ಎಲ್ಲ ವಿದ್ಯಾರ್ಥಿಗಳಿಗೂ ಅಲ್ಲಿಗೆ ಹೋಗಿಬರುವ ಅನುಕೂಲವಿರುವುದಿಲ್ಲ. ಆದುದರಿಂದ ನಮ್ಮ ಅಧ್ಯಾಪಕ ವರ್ಗದವರಲ್ಲಿ ಒಂದು ವಿಜ್ಞಾಪನೆ. ಕಾಲೇಜಿನ ಕಂಪ್ಯೂಟರ್ ಕೊಠಡಿಯಲ್ಲಿ ಕೆಂಪು, ಕಂದು, ನೀಲಿ ಈ ಮೂರು ಬಗೆಯ ಒಂದೊಂದು ಕೀಲಿಮಣೆಯನ್ನು ಇರಿಸಿ, ವಾಚನಾಲಯದ ಪುಸ್ತಕದಂತೆ ಸರದಿಯ ಮೇಲೆ ಒಂದೊಂದು ವಾರ ಬಳಸಲು ಕೊಟ್ಟರೆ, ಹಲವು ಮನೆಗಳ ಹಣ ಉಳಿದೀತು. ಅವುಗಳ ಟೋಪಿಗಳ ಮೇಲೆ ಕನ್ನಡದ ಅಕ್ಷರಗಳನ್ನೂ ಅಂಟಿಸಿದರೆ ಕಲಿಯುವವರಿಗೆ ಮತ್ತಷ್ಟು ಉಪಕಾರ. ಆರು ಕೋಟಿಗೂ ಮೀರಿದ ಜನಸಂಖ್ಯೆಯುಳ್ಳ ನಾಡು ನಮ್ಮದು. ಆದರೂ ಕನ್ನಡದ ಅಕ್ಷರ ಎರಕ ಹೊಯ್ದ ಒಂದು ಒಳ್ಳೆಯ ಮೆಕ್ಯಾನಿಕಲ್ ಕೀಲಿಮಣೆ ಅಂಗಡಿಯ ಮುಂಗಟ್ಟೆಯಲ್ಲಿ ಕಣ್ಣಿಗೆ ಬೀಳುವುದಿಲ್ಲ. ಕೊಳ್ಳುವವರು ಕೇಳದಿದ್ದರೆ ಮಾಡುವವರು ಮಾಡುವುದಿಲ್ಲ. ನಾವು ದೀಪವನ್ನು ಕೇಳಿದೆವು, ದೀಪ ಕೊಟ್ಟರು. ಇನ್ನು ಮೇಲೆ ಅಂಗಡಿಗೆ ಹೋದಾಗಲೆಲ್ಲ ಕನ್ನಡದ ಅಕ್ಷರವನ್ನು ಕೇಳೋಣ. ಒಬ್ಬರಲ್ಲ, ಹತ್ತು ಮಂದಿಯಲ್ಲ, ಎಲ್ಲರೂ ಕೇಳೋಣ.